ಜನರ ಸಿಟ್ಟು ಎಲ್ಲಿಗೆ ಹೋಗುತ್ತದೆ?

1955ರ ಡಿಸೆಂಬರ್ 1, ಗುರುವಾರ. ಅಮೆರಿಕದ ಅಲಬಾಮ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ ಪೊಲೀಸರು ರೋಸಾ ಪಾರ್ಕ್ಸ್ ಅನ್ನುವ ಕಪ್ಪು ಮಹಿಳೆಯನ್ನು ಬಂಧಿಸಿದರು. ಬಸ್ಸಿನಲ್ಲಿ ಬಿಳಿಯನೊಬ್ಬನಿಗೆ ಸೀಟು ಬಿಟ್ಟುಕೊಡಲು ಅವರು ಒಪ್ಪಲಿಲ್ಲ, ಅಷ್ಟೇ. ಇಷ್ಟು ಕಥೆ ಬಹಳ ಜನರಿಗೆ ಗೊತ್ತು. ಅದೇ ರಾತ್ರಿ ಅದೇ ಊರಿನ ಕಾಲೇಜೊಂದರಲ್ಲಿ ನಡೆದದ್ದು ಅಷ್ಟಾಗಿ ಗೊತ್ತಿಲ್ಲ.

ಜೋ ಆ್ಯನ್ ರಾಬಿನ್ಸನ್ ಆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಸುದ್ದಿ ಕಿವಿಗೆ ಬಿದ್ದ ರಾತ್ರಿಯೇ ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳನ್ನು ಜೊತೆಗೆ ಕರೆದುಕೊಂಡು ಕಾಲೇಜಿನ ಸೈಕ್ಲೋಸ್ಟೈಲ್ ಯಂತ್ರದ ಮುಂದೆ ನಿಂತರು. ಒಂದೊಂದು ಹಾಳೆಯಲ್ಲಿ ಮೂರು ಮೂರು ಕರಪತ್ರ ಬರುವ ಹಾಗೆ ಅಚ್ಚು ಹಾಕಿ, ಕತ್ತರಿಸಿ, ಕಟ್ಟು ಕಟ್ಟಿದರು. ಬೆಳಗಾಗುವಷ್ಟರಲ್ಲಿ ಹತ್ತಾರು ಸಾವಿರ ಕರಪತ್ರ ತಯಾರು. ಅದರಲ್ಲಿ ಬೈಗುಳ ಇರಲಿಲ್ಲ. ಇನ್ನೊಬ್ಬ ಹೆಂಗಸನ್ನು ಹಿಡಿದು ಜೈಲಿಗೆ ಹಾಕಿದ್ದಾರೆ, ನಾವು ಸುಮ್ಮನಿದ್ದರೆ ಇದು ನಿಲ್ಲುವುದಿಲ್ಲ, ಸೋಮವಾರ ಯಾರೂ ಬಸ್ಸು ಹತ್ತಬೇಡಿ ಎಂದಿತ್ತು.

ರಾಬಿನ್ಸನ್ ಅವರ ಸಿಟ್ಟು ಆ ರಾತ್ರಿ ಹುಟ್ಟಿದ್ದಲ್ಲ. 1949ರಲ್ಲಿ ಅವರು ಆ ಊರಿಗೆ ಹೊಸಬರು. ಬಸ್ಸಿನ ಮುಂದೆ, ಬಿಳಿಯರಿಗೆಂದು ಮೀಸಲಿಟ್ಟ ಖಾಲಿ ಸೀಟಿನಲ್ಲಿ ಕೂತಿದ್ದಕ್ಕೆ ಡ್ರೈವರ್ ಮೈಮೇಲೆ ಬರುವಂತೆ ಕೂಗಾಡಿದ್ದ. ಅವರು ಅಳುತ್ತಾ ಇಳಿದು ಹೋಗಿದ್ದರು. ಆಮೇಲೆ ಊರಿನ ಮಹಿಳೆಯರ ಸಂಘದಲ್ಲಿ ಸೇರಿ, ಇದೇ ಅವಮಾನ ಎಷ್ಟು ಜನಕ್ಕೆ ಆಗಿದೆ ಎಂದು ತಿಳಿದುಕೊಂಡರು. 1954ರ ಮೇ ತಿಂಗಳಲ್ಲಿ ಮೇಯರ್‌ಗೆ ಪತ್ರ ಬರೆದರು. ಬಸ್ಸಿನಲ್ಲಿ ಹತ್ತುವವರಲ್ಲಿ ಮುಕ್ಕಾಲು ಪಾಲು ಕಪ್ಪು ಜನ ನಾವೇ, ನಾವು ಹತ್ತದಿದ್ದರೆ ಬಸ್ಸು ಓಡುವುದಿಲ್ಲ ಎಂದು ಮರ್ಯಾದೆಯಿಂದಲೇ ಎಚ್ಚರಿಸಿದರು. ಅಂದರೆ ಆ ರಾತ್ರಿ ಯಂತ್ರದ ಮುಂದೆ ನಿಂತಾಗ ಅವರ ಕೈಲಿ ಆರು ವರ್ಷದ ಸಿಟ್ಟಿತ್ತು, ಒಂದೂವರೆ ವರ್ಷದ ತಯಾರಿ ಇತ್ತು.

ಇವತ್ತು ರಾಜಕೀಯದ ಮೇಲೆ ಜನರಿಗಿರುವ ಸಿಟ್ಟಿನ ಬಗ್ಗೆ ಯೋಚಿಸುವಾಗೆಲ್ಲ ನನಗೆ ಈ ರಾತ್ರಿ ನೆನಪಾಗುತ್ತದೆ. ಸಿಟ್ಟಿಗೆ ಎಲ್ಲೂ ಬರ ಇಲ್ಲ. 2022ರಲ್ಲಿ ಶ್ರೀಲಂಕಾ, 2024ರಲ್ಲಿ ಬಾಂಗ್ಲಾದೇಶ, 2025ರಲ್ಲಿ ನೇಪಾಳ. ಮೂರೂ ಕಡೆ ಬೀದಿಗೆ ಬಂದ ಜನ ಅಧಿಕಾರದಲ್ಲಿದ್ದವರನ್ನು ಕೆಳಗಿಳಿಸಿದರು. ಬೀದಿಗೆ ಬಾರದ ಕಡೆಯೂ ಸಿಟ್ಟು ಮನೆಮನೆಯಲ್ಲಿ ಇದೆ. ಆದರೆ ಇಷ್ಟೆಲ್ಲ ಸಿಟ್ಟಿನಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆ, ಎಷ್ಟು ಸುಮ್ನೆ ಆವಿಯಾಗುತ್ತದೆ, ಎಷ್ಟು ಬೇರೆ ಯಾರದೋ ತಲೆ ಮೇಲೆ ಬೀಳುತ್ತದೆ?

ಸಿಟ್ಟು ಅಂದರೆ ಏನು ಎಂಬಲ್ಲಿಂದ ಶುರು ಮಾಡೋಣ. ಮಳೆ ಬಾರದೆ ಬೆಳೆ ಒಣಗಿದರೆ ದುಃಖವಾಗುತ್ತದೆ. ನಾಳೆಯೂ ಮಳೆ ಬಾರದಿದ್ದರೆ ಅನ್ನಿಸಿದರೆ ಭಯವಾಗುತ್ತದೆ. ಕಾಲುವೆಯಲ್ಲಿ ನೀರಿದ್ದೂ ಯಾರೋ ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರಿಂದ ಬೆಳೆ ಒಣಗಿದರೆ ಸಿಟ್ಟು ಬರುತ್ತದೆ. ನಷ್ಟ ಒಂದೇ. ವ್ಯತ್ಯಾಸ ಇರುವುದು ಮೂರು ನಂಬಿಕೆಗಳಲ್ಲಿ: ಇದು ಅನ್ಯಾಯ, ಇದನ್ನು ಇಂಥವರು ಮಾಡಿದರು, ಇದನ್ನು ತಪ್ಪಿಸಬಹುದಿತ್ತು. ಈ ಮೂರೂ ಸೇರಿದರೆ ಮಾತ್ರ ಸಿಟ್ಟು. ಹಾಗಾಗಿ ಸಿಟ್ಟಿನ ಒಳಗೆ ಆಸೆಯೂ ಇರುತ್ತದೆ. ಏನೂ ಬದಲಾಗುವುದಿಲ್ಲ ಎಂದು ಪೂರ್ತಿ ನಂಬಿದವನಿಗೆ ಸಿಟ್ಟು ಬರುವುದಿಲ್ಲ, ಅವನು ಕೈಚೆಲ್ಲಿ ಕೂರುತ್ತಾನೆ. ಜನ ಸಿಟ್ಟಾಗಿದ್ದಾರೆ ಅಂದರೆ ಇನ್ನೂ ಏನೋ ನಿರೀಕ್ಷೆ ಇಟ್ಟುಕೊಂಡಿದ್ದಾರೆ ಎಂದೇ ನಾನು ಓದಿಕೊಳ್ಳುತ್ತೇನೆ.

ಬಡತನ ಹೆಚ್ಚಾದ ಕಡೆ ಸಿಟ್ಟೂ ಹೆಚ್ಚು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೇನಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಮತ್ತು ಅವರ ತಂಡ ಅಮೆರಿಕದ ಸೈನಿಕರನ್ನು ಮಾತಾಡಿಸಿತು. ಮಿಲಿಟರಿ ಪೊಲೀಸ್ ವಿಭಾಗದಲ್ಲಿ ಬಡ್ತಿ ಸಿಗುವುದು ಅಪರೂಪ. ವಾಯುಪಡೆಯಲ್ಲಿ ಬೇಗ ಬೇಗ ಸಿಗುತ್ತಿತ್ತು. ಆದರೆ ಬಡ್ತಿಯ ಬಗ್ಗೆ ಜಾಸ್ತಿ ಗೊಣಗುತ್ತಿದ್ದವರು ವಾಯುಪಡೆಯವರೇ. ಕಾರಣ ಸರಳ. ಯಾರಿಗೂ ಸಿಗದ ಕಡೆ ನನಗೂ ಸಿಗದಿದ್ದರೆ ಅದು ವಿಧಿ. ಪಕ್ಕದವನಿಗೆ ಸಿಕ್ಕು ನನಗೆ ಸಿಗದಿದ್ದರೆ ಅದು ಮೋಸ. ಮನುಷ್ಯ ತನ್ನ ತಟ್ಟೆಯನ್ನು ಅಳೆಯುವುದು ಪಕ್ಕದ ತಟ್ಟೆ ನೋಡಿಕೊಂಡು. ಇವತ್ತು ಎಲ್ಲರ ತಟ್ಟೆಯೂ ಎಲ್ಲರ ಫೋನಿನಲ್ಲಿ ಕಾಣುತ್ತಿದೆ. ಮಂತ್ರಿಯ ಮಕ್ಕಳ ವಿದೇಶ ಪ್ರವಾಸದ ಫೋಟೊ, ಕೆಲಸಕ್ಕಾಗಿ ಸಾಲಿನಲ್ಲಿ ನಿಂತ ಹುಡುಗನ ಕೈಗೇ ಬರುತ್ತದೆ. ನೇಪಾಳದಲ್ಲಿ ಯುವಕರನ್ನು ಕೆರಳಿಸಿದ್ದರಲ್ಲಿ ಇಂಥ ಫೋಟೊಗಳ ಪಾಲು ಚಿಕ್ಕದಲ್ಲ.

ಇಲ್ಲಿ ನೆಪ ಮತ್ತು ಕಾರಣ ಬೇರೆ ಬೇರೆ ಎನ್ನುವುದನ್ನು ನೆನಪಿಡಬೇಕು. 2019ರ ಅಕ್ಟೋಬರ್‌ನಲ್ಲಿ ಚಿಲಿಯ ರಾಜಧಾನಿ ಸಾಂಟಿಯಾಗೊದಲ್ಲಿ ಮೆಟ್ರೊ ಟಿಕೆಟ್ ದರ 30 ಪೆಸೊ ಏರಿತು. ಚಿಲ್ಲರೆ ಹಣ. ಶಾಲಾ ಮಕ್ಕಳು ಗೇಟು ಹಾರಿ ಟಿಕೆಟ್ ಇಲ್ಲದೆ ಹೋಗಲು ಶುರು ಮಾಡಿದರು. ಕೆಲವೇ ದಿನಗಳಲ್ಲಿ ಇಡೀ ದೇಶ ಬೀದಿಯಲ್ಲಿತ್ತು. ಸರ್ಕಾರ ದರ ಏರಿಕೆ ಕೈಬಿಟ್ಟರೂ ಜನ ಮನೆಗೆ ಹೋಗಲಿಲ್ಲ. ‘ಇದು 30 ಪೆಸೊ ವಿಷಯ ಅಲ್ಲ, 30 ವರ್ಷದ ವಿಷಯ’ ಅನ್ನುವುದು ಅವರ ಘೋಷಣೆ. ಪಿಂಚಣಿ, ಆಸ್ಪತ್ರೆ, ಶಾಲೆಯ ಶುಲ್ಕ ಎಲ್ಲವೂ ಆ ಮೂವತ್ತರೊಳಗೆ ಸೇರಿಕೊಂಡಿತ್ತು. ಅದೇ ತಿಂಗಳು ಲೆಬನಾನ್ ಸರ್ಕಾರ ವಾಟ್ಸ್ಆ್ಯಪ್ ಕರೆಗಳಿಗೆ ತೆರಿಗೆ ಹಾಕಲು ಹೊರಟಿತು, ಅಲ್ಲೂ ಹೀಗೇ ಆಯಿತು. ‘ಇಷ್ಟು ಸಣ್ಣದಕ್ಕೆ ಇಷ್ಟು ಗಲಾಟೆಯಾ?’ ಎಂದು ಅಧಿಕಾರದಲ್ಲಿರುವವರು ಕೇಳುವುದು ಇಂಥ ಹೊತ್ತಿನಲ್ಲೇ. ಅವರು ನೆಪವನ್ನು ನೋಡುತ್ತಾರೆ, ಕಾರಣವನ್ನು ನೋಡುವುದಿಲ್ಲ.

ಸಿಟ್ಟು ಬಂದಿದೆ, ಸರಿ. ಈಗ ಅದು ಎಲ್ಲಿ ಹೋಗುತ್ತದೆ?

ಬಹುಪಾಲು ಸಿಟ್ಟು ಎಲ್ಲೂ ಹೋಗುವುದಿಲ್ಲ. ಜನ ನುಂಗಿಕೊಳ್ಳುತ್ತಾರೆ, ಇಲ್ಲವೇ ಹೊರಗೆ ನಡೆದುಬಿಡುತ್ತಾರೆ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಶ್‌ಮನ್ 1970ರಲ್ಲಿ ಇದನ್ನು ಬಹಳ ಸ್ಪಷ್ಟವಾಗಿ ಬಿಡಿಸಿಟ್ಟರು. ಒಂದು ವ್ಯವಸ್ಥೆ ಕೆಡುತ್ತಾ ಹೋದರೆ ಅದರಲ್ಲಿರುವವರು ಬಿಟ್ಟು ಹೋಗಬಹುದು ಅಥವಾ ದನಿ ಎತ್ತಬಹುದು. ಬಿಟ್ಟು ಹೋಗುವುದು ಸುಲಭವಾದಷ್ಟೂ ದನಿ ಎತ್ತುವವರು ಕಮ್ಮಿ. ಸರ್ಕಾರಿ ಶಾಲೆ ಕೆಟ್ಟಿದೆ ಅನ್ನಿ. ಅನುಕೂಲ ಇದ್ದವರು ಮಕ್ಕಳನ್ನು ಬಿಡಿಸಿ ಬೇರೆ ಕಡೆ ಸೇರಿಸುತ್ತಾರೆ. ಅಧಿಕಾರಿಯ ಮುಂದೆ ಕೂತು ಮಾತಾಡಬಲ್ಲವರು, ಅರ್ಜಿ ಬರೆಯಬಲ್ಲವರು ಅವರೇ. ಉಳಿಯುವುದು ಹೋಗಲಾರದವರು. ಅವರ ಮಾತು ಯಾರಿಗೂ ಕೇಳಿಸುವುದಿಲ್ಲ. ಹೀಗಾಗಿ ಶಾಲೆ ಇನ್ನೂ ಕೆಡುತ್ತದೆ, ಆದರೂ ಹೊರಗಿನಿಂದ ನೋಡಿದರೆ ಎಲ್ಲ ಶಾಂತವಾಗಿಯೇ ಇರುತ್ತದೆ. ಈ ಶಾಂತಿಯನ್ನು ತೃಪ್ತಿ ಎಂದುಕೊಂಡ ಸರ್ಕಾರಗಳು ಒಂದು ಬೆಳಿಗ್ಗೆ ಬೆಚ್ಚಿ ಬೀಳುತ್ತವೆ.

ಎರಡನೆಯ ದಾರಿ ಬಾಯಿಂದ ಹೊರಹಾಕುವುದು. ಇವತ್ತಿನ ಕಾಲದಲ್ಲಿ ಬಾಯಿ ಅಂದರೆ ಫೋನು. ನಾನೂ ಮಾಡಿದ್ದೇನೆ. ಒಂದು ರಾತ್ರಿ ಸುದ್ದಿ ನೋಡಿ ತಡೆಯಲಾರದೆ ಉದ್ದಕ್ಕೆ ಬರೆದು ಹಾಕಿದೆ. ಲೈಕುಗಳು ಬಂದವು, ‘ಸರಿಯಾಗಿ ಹೇಳಿದಿರಿ’ ಎಂದರು. ಎದೆ ಹಗುರವಾದ ಹಾಗಾಯಿತು. ಬೆಳಿಗ್ಗೆ ಎದ್ದರೆ ಸಮಸ್ಯೆ ಹಾಗೇ ಇತ್ತು, ಸಿಟ್ಟೂ ಹಾಗೇ ಇತ್ತು. ಜೊತೆಗೆ ಏನೋ ಮಾಡಿಬಿಟ್ಟೆ ಅನ್ನುವ ಭಾವನೆ ಇತ್ತು. ಆ ಭಾವನೆಯೇ ಅಪಾಯ ಎಂದು ಆಮೇಲೆ ಅರ್ಥವಾಯಿತು.

ಸಿಟ್ಟನ್ನು ಹೊರಹಾಕಿದರೆ ಇಳಿಯುತ್ತದೆ ಎಂದು ಎಲ್ಲರೂ ನಂಬುತ್ತಾರೆ. ಕುಕ್ಕರಿನ ಆವಿಯ ಹಾಗೆ ಅಲ್ವಾ? ಮನಶ್ಶಾಸ್ತ್ರಜ್ಞ ಬ್ರ್ಯಾಡ್ ಬುಷ್‌ಮನ್ 2002ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಮೊದಲು ಕಾಲೇಜು ವಿದ್ಯಾರ್ಥಿಗಳಿಗೆ ಬೇಕೆಂದೇ ಸಿಟ್ಟು ಬರಿಸಿದರು. ಆಮೇಲೆ ಕೆಲವರಿಗೆ, ಸಿಟ್ಟು ಬರಿಸಿದವನ ಮುಖವನ್ನು ನೆನೆದು ಬಾಕ್ಸಿಂಗ್ ಚೀಲಕ್ಕೆ ಗುದ್ದಲು ಹೇಳಿದರು. ಕೆಲವರನ್ನು ಸುಮ್ಮನೆ ಕೂರಿಸಿದರು. ಕೊನೆಗೆ ನೋಡಿದರೆ ಗುದ್ದಿದವರ ಸಿಟ್ಟೇ ಹೆಚ್ಚಿತ್ತು. ಸುಮ್ಮನೆ ಕೂತವರು ಅವರಿಗಿಂತ ಶಾಂತವಾಗಿದ್ದರು. ಅಂದರೆ ಸಿಟ್ಟು ಕುಕ್ಕರಿನ ಆವಿಯಲ್ಲ, ಉಗುರಿನಿಂದ ಕೆರೆದುಕೊಳ್ಳುವ ತುರಿಕೆ. ಆ ಕ್ಷಣಕ್ಕೆ ಹಿತ, ಆಮೇಲೆ ಗಾಯ.

ಫೋನಿನಲ್ಲಿ ಇನ್ನೊಂದು ತೊಡಕಿದೆ. 2017ರಲ್ಲಿ ಕೆಲವು ಸಂಶೋಧಕರು ಟ್ವಿಟರ್‌ನಲ್ಲಿ ಬಂದೂಕು ಕಾನೂನು, ಹವಾಮಾನದಂಥ ವಿಷಯಗಳ ಮೇಲಿನ ಲಕ್ಷಾಂತರ ಸಂದೇಶಗಳನ್ನು ಜಾಲಾಡಿದರು. ನೀತಿ ಮತ್ತು ಭಾವನೆ ಎರಡೂ ಬೆರೆತ ಪದ, ಅಂದರೆ ‘ದ್ರೋಹ’, ‘ನಾಚಿಕೆಗೇಡು’ ಥರದ್ದು, ಒಂದೊಂದು ಹೆಚ್ಚಾದ ಹಾಗೂ ಸಂದೇಶ ಹರಡುವುದು ಸುಮಾರು 20 ಶೇಕಡ ಜಾಸ್ತಿ ಆಗುತ್ತಿತ್ತು. ಆದರೆ ಅದು ಹರಡುತ್ತಿದ್ದದ್ದು ಹೆಚ್ಚಾಗಿ ತಮ್ಮವರ ನಡುವೆಯೇ. ಯಾರಿಗೆ ಮುಟ್ಟಬೇಕೋ ಅವರಿಗೆ ಮುಟ್ಟದೆ, ಆಗಲೇ ಸಿಟ್ಟಾಗಿರುವವರನ್ನು ಇನ್ನಷ್ಟು ಸಿಟ್ಟು ಮಾಡುವ ಏರ್ಪಾಡು ಇದು. ಹಾಗೆಂದು ಫೋನು ಬೇಡ ಅನ್ನುತ್ತಿಲ್ಲ. ರಾಬಿನ್ಸನ್ ಅವರ ಸೈಕ್ಲೋಸ್ಟೈಲ್ ಯಂತ್ರಕ್ಕಿಂತ ಎಷ್ಟೋ ಪಾಲು ಶಕ್ತಿ ನಮ್ಮ ಕಿಸೆಯಲ್ಲಿದೆ. ಆದರೆ ಆ ಕರಪತ್ರದಲ್ಲಿ ಒಂದು ದಿನ ಇತ್ತು, ಆ ದಿನ ಏನು ಮಾಡಬೇಕು ಅನ್ನುವುದಿತ್ತು. ನನ್ನ ಆ ರಾತ್ರಿಯ ಬರಹದಲ್ಲಿ ಅವೆರಡೂ ಇರಲಿಲ್ಲ.

ಮೂರನೆಯ ದಾರಿಗೆ ನಮ್ಮಲ್ಲಿ ಗಾದೆಯೇ ಇದೆ: ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ. ಅತ್ತೆಗೆ ಎದುರಾಡಲಾಗದ ಸೊಸೆ ಬೆಕ್ಕಿಗೆ ಬಾರಿಸುತ್ತಾಳೆ. ರಾಜಕೀಯದಲ್ಲಿ ಇದು ತಾನಾಗಿ ಆಗುವುದಕ್ಕಿಂತ ಆಗಿಸುವುದೇ ಹೆಚ್ಚು. ಕೆಲಸ ಸಿಗದೆ ಸಿಟ್ಟಾದ ಯುವಕನಿಗೆ ಯಾರನ್ನು ಕೇಳಬೇಕು ಎಂದು ಗೊತ್ತಿರುವುದಿಲ್ಲ. ಕೆಲಸ ಏಕೆ ಸಿಗುತ್ತಿಲ್ಲ ಅನ್ನುವುದಕ್ಕೆ ಉತ್ತರ ಬಜೆಟ್ಟಿನಲ್ಲಿದೆ, ಪರೀಕ್ಷಾ ಪದ್ಧತಿಯಲ್ಲಿದೆ, ಎಲ್ಲೋ ದೂರದ ಮಾರುಕಟ್ಟೆಯಲ್ಲಿದೆ. ಅದನ್ನು ಹೇಳಲು ಒಂದು ಗಂಟೆ ಬೇಕು. ಆಗ ಒಬ್ಬ ಮುಖಂಡ ಬಂದು ಒಂದೇ ವಾಕ್ಯದಲ್ಲಿ, ‘ನಿನ್ನ ಕೆಲಸ ಕಿತ್ತುಕೊಂಡವರು ಅವರು’ ಎಂದು ಬೆರಳು ತೋರಿಸುತ್ತಾನೆ. ಅವರು ಅಂದರೆ ಬೇರೆ ಭಾಷೆಯವರು, ಬೇರೆ ಧರ್ಮದವರು, ಬೇರೆ ಕಡೆಯಿಂದ ಬಂದವರು. ಬೆರಳು ತೋರಿಸಿದ ಕಡೆ ಇರುವವರು ಯಾವಾಗಲೂ ಕೈಲಾಗದವರೇ. ಸಿಟ್ಟು ನಿಜ, ನೋವು ನಿಜ, ವಿಳಾಸ ಮಾತ್ರ ಸುಳ್ಳು. ಜನರ ಸಿಟ್ಟಿನಿಂದ ಗೆಲ್ಲುವ ನಾಯಕನಿಗೆ ಆ ಸಿಟ್ಟು ತಣಿಯುವುದೇ ಬೇಕಿಲ್ಲ. ಮುಂದಿನ ಸಲಕ್ಕೂ ಅದು ಬೇಕು.

ಸಿಟ್ಟಿಗೊಂದು ಸರಿಯಾದ ವಿಳಾಸ ಬೇಕು. ಅಂದರೆ ಈ ತಪ್ಪನ್ನು ಸರಿಮಾಡುವ ಅಧಿಕಾರ ಯಾರ ಕೈಲಿದೆಯೋ ಅವರ ಹೆಸರು, ಕುರ್ಚಿ, ಕಚೇರಿ ಗೊತ್ತಿರಬೇಕು. ವಿಳಾಸ ಇಲ್ಲದ ಸಿಟ್ಟು ಎಷ್ಟು ದೊಡ್ಡದಾದರೂ ಬಟವಾಡೆ ಆಗುವುದಿಲ್ಲ.

ಅರ್ಜೆಂಟೀನಾ ನೋಡಿ. 2001ರಲ್ಲಿ ಅಲ್ಲಿ ಆರ್ಥಿಕ ವ್ಯವಸ್ಥೆ ಕುಸಿಯುತ್ತಿತ್ತು. ಅಕ್ಟೋಬರ್‌ನ ಸಂಸತ್ತಿನ ಚುನಾವಣೆಯಲ್ಲಿ ಐದರಲ್ಲಿ ಒಂದಕ್ಕಿಂತ ಹೆಚ್ಚು ಮತ ಖಾಲಿ ಇಲ್ಲವೇ ಬೇಕೆಂದೇ ಕೆಡಿಸಿದ್ದು. ಅದಕ್ಕೆ ಅಲ್ಲಿ ಇಟ್ಟ ಹೆಸರೇ ‘ಸಿಟ್ಟಿನ ಮತ’. ಡಿಸೆಂಬರ್‌ನಲ್ಲಿ ಬ್ಯಾಂಕಿನಿಂದ ಹಣ ತೆಗೆಯುವುದಕ್ಕೆ ಮಿತಿ ಬಂತು. ಜನ ಅಡುಗೆಮನೆಯ ಪಾತ್ರೆ ಬಡಿಯುತ್ತಾ ಬೀದಿಗೆ ಬಂದರು. ‘ಎಲ್ಲರೂ ತೊಲಗಿ’ ಅನ್ನುವುದು ಒಂದೇ ಕೂಗು. ಡಿಸೆಂಬರ್ 20ರಂದು ಅಧ್ಯಕ್ಷರು ರಾಜೀನಾಮೆ ಕೊಟ್ಟು ಹೆಲಿಕಾಪ್ಟರ್ ಹತ್ತಿ ಹೋದರು. ಆಮೇಲಿನ ಎರಡು ವಾರದೊಳಗೆ ಒಬ್ಬರಾದ ಮೇಲೊಬ್ಬರು ಬಂದು ಹೋದರು. ಆ ಸಿಟ್ಟಿನ ಬಗ್ಗೆ ನನಗೆ ಗೌರವ ಇದೆ, ಅವರ ಉಳಿತಾಯದ ಹಣ ಕಣ್ಣೆದುರೇ ಕರಗುತ್ತಿತ್ತು. ಆದರೆ ‘ಎಲ್ಲರೂ ತೊಲಗಿ’ ಅನ್ನುವುದನ್ನು ಈಡೇರಿಸುವವರು ಯಾರು? ಎಲ್ಲರೂ ಅಂದರೆ ಯಾರೂ ಅಲ್ಲ. ಹಳೆಯ ಮುಖಗಳೇ ಮತ್ತೆ ಬಂದವು.

ಮತದಾನವೂ ಸಿಟ್ಟಿನ ದಾರಿಯೇ. ಎಲ್ಲಕ್ಕಿಂತ ಸಮಾಧಾನದ ದಾರಿ, ಯಾರ ತಲೆಯೂ ಒಡೆಯುವುದಿಲ್ಲ. ಆದರೆ ಮತಕ್ಕೆ ಬಾಯಿಲ್ಲ. ನೂರು ದೂರುಗಳಿಗೆ ಒಂದೇ ಗುಂಡಿ. ನೀವು ರಸ್ತೆಗಾಗಿ ಸಿಟ್ಟಾದಿರೋ ಲಂಚಕ್ಕಾಗಿ ಸಿಟ್ಟಾದಿರೋ ಆ ಗುಂಡಿ ಹೇಳುವುದಿಲ್ಲ. ಗೆದ್ದವರು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಳ್ಳುತ್ತಾರೆ. ಭಾರತದಲ್ಲಿ 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ನೋಟಾ ಗುಂಡಿ ಬಂತು. ಯಾರೂ ಬೇಡ ಎನ್ನುವವರಿಗೆ ಅದೊಂದು ಜಾಗ. ಆದರೆ ಸಂಸತ್ತು, ವಿಧಾನಸಭೆ ಚುನಾವಣೆಗಳಲ್ಲಿ ನೋಟಾಗೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. 2024ರಲ್ಲಿ ಇಂದೋರ್ ಲೋಕಸಭಾ ಕ್ಷೇತ್ರದಲ್ಲಿ 2 ಲಕ್ಷಕ್ಕೂ ಹೆಚ್ಚು ಜನ ನೋಟಾ ಒತ್ತಿದರು. ಸಿಟ್ಟು ಲೆಕ್ಕಕ್ಕೆ ಸಿಕ್ಕಿತು, ಫಲಿತಾಂಶಕ್ಕೆ ಸಿಗಲಿಲ್ಲ.

ಇನ್ನು ಬೀದಿ. ಇಲ್ಲಿ ಒಂದು ಹಳೆಯ ಜಗಳ ಇದೆ. ಶಾಂತಿಯಿಂದ ಕೂತರೆ ಯಾರು ಕೇಳುತ್ತಾರೆ, ನಾಲ್ಕು ಗಾಜು ಒಡೆದರೆ ಮಾತ್ರ ತಿರುಗಿ ನೋಡುತ್ತಾರೆ ಅನ್ನುವವರಿದ್ದಾರೆ. ಅವರ ಹತಾಶೆ ನನಗೆ ಅರ್ಥವಾಗುತ್ತದೆ. ಆದರೆ ಲೆಕ್ಕ ಬೇರೆಯೇ ಹೇಳುತ್ತದೆ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ 1900ರಿಂದ 2006ರವರೆಗಿನ 323 ದೊಡ್ಡ ಚಳವಳಿಗಳನ್ನು ಹೋಲಿಸಿದರು. ಆಯುಧ ಹಿಡಿದವುಗಳಲ್ಲಿ ಗೆದ್ದದ್ದು 26 ಶೇಕಡ. ಆಯುಧ ಹಿಡಿಯದವುಗಳಲ್ಲಿ 53 ಶೇಕಡ. ಕಲ್ಲೆಸೆಯುವ ಕೆಲಸಕ್ಕೆ ಗಟ್ಟಿ ರಟ್ಟೆಯ ಹುಡುಗರು ಮಾತ್ರ ಬರುತ್ತಾರೆ. ಕೆಲಸ ನಿಲ್ಲಿಸುವುದಕ್ಕೆ, ಬಸ್ಸು ಹತ್ತದಿರುವುದಕ್ಕೆ, ದಾರಿಯಲ್ಲಿ ಕೂರುವುದಕ್ಕೆ ಅಜ್ಜಿಯೂ ಬರಬಹುದು, ಬಸುರಿಯೂ ಬರಬಹುದು. ಗುಂಪಿನಲ್ಲಿ ಎಲ್ಲ ಥರದವರೂ ಇದ್ದರೆ ಲಾಠಿ ಹಿಡಿದವನ ಅಕ್ಕನೋ ಚಿಕ್ಕಪ್ಪನೋ ಅಲ್ಲಿರುತ್ತಾರೆ. ಅವನ ಕೈ ತಡೆಯುತ್ತದೆ.

ಹಿಂಸೆ ಇನ್ನೊಂದು ಕೆಡುಕು ಮಾಡುತ್ತದೆ, ಅದು ವಿಷಯವನ್ನೇ ಬದಲಿಸಿಬಿಡುತ್ತದೆ. ಬೆಂಕಿ ಬಿದ್ದ ಮರುದಿನ ಪತ್ರಿಕೆಯಲ್ಲಿ ಬೆಂಕಿಯೇ ಸುದ್ದಿ, ಬೇಡಿಕೆ ಅಲ್ಲ. 1960ರ ದಶಕದ ಅಮೆರಿಕದ ಕಪ್ಪು ಜನರ ಪ್ರತಿಭಟನೆಗಳನ್ನು ಅಭ್ಯಾಸ ಮಾಡಿ ಒಮರ್ ವಾಸೊ 2020ರಲ್ಲಿ ತೋರಿಸಿದ್ದು ಇದನ್ನೇ. ಶಾಂತಿಯುತ ಪ್ರತಿಭಟನೆ ನಡೆದಾಗ ಜನರ ಮಾತು ಹಕ್ಕುಗಳ ಕಡೆ ಹೋಯಿತು. ಗಲಭೆ ಆದಾಗ ಕಾನೂನು, ಶಿಸ್ತು ಎಂದು ತಿರುಗಿತು.

ಈಗ ಮತ್ತೆ ಮಾಂಟ್‌ಗೊಮರಿಗೆ ಬರೋಣ. ಆ ಸೋಮವಾರ ಬಸ್ಸುಗಳು ಹೆಚ್ಚುಕಡಿಮೆ ಖಾಲಿ ಓಡಿದವು. ಅದೇ ದಿನ ಒಂದು ಸಂಘ ಕಟ್ಟಿ, 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಸಂಘ ಮೊದಲು ಇಟ್ಟ ಬೇಡಿಕೆ ಮೂರೇ: ಡ್ರೈವರುಗಳು ಮರ್ಯಾದೆಯಿಂದ ಮಾತಾಡಬೇಕು, ಮೊದಲು ಬಂದವರಿಗೆ ಮೊದಲು ಸೀಟು ಸಿಗಬೇಕು, ಕಪ್ಪು ಜನ ಹೆಚ್ಚಿರುವ ದಾರಿಗಳಲ್ಲಿ ಕಪ್ಪು ಡ್ರೈವರುಗಳನ್ನು ಇಡಬೇಕು. ಇಷ್ಟು ವರ್ಷದ ಅವಮಾನಕ್ಕೆ ಇಷ್ಟು ಚಿಕ್ಕ ಬೇಡಿಕೆಯೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಕೊಟ್ಟರೋ ಇಲ್ಲವೋ ಎಂದು ಮರುದಿನವೇ ನೋಡಿ ಹೇಳಬಹುದಾದ ಬೇಡಿಕೆ ಅದು. ನಗರಸಭೆ ಮತ್ತು ಬಸ್ ಕಂಪನಿ ಆ ಬೇಡಿಕೆಗಳಿಗೆ ಒಪ್ಪಲಿಲ್ಲ. ಎಷ್ಟು ಸಣ್ಣದನ್ನೂ ಇವರು ಕೊಡುವವರಲ್ಲ ಎಂದು ಇಡೀ ದೇಶ ನೋಡಿತು. ಆಗ ಕಪ್ಪು ಜನ ಕೋರ್ಟಿಗೆ ಹೋದರು, ಬಸ್ಸಿನಲ್ಲಿ ಬೇರೆ ಕೂರಿಸುವ ಪದ್ಧತಿಯೇ ಬೇಡ ಎಂದರು.

ಒಂದು ದಿನದ ಕರೆ 381 ದಿನ ನಡೆಯಿತು. ಅಷ್ಟು ದಿನ ಸಾವಿರಾರು ಜನ ಕೆಲಸಕ್ಕೆ ಹೋಗಿ ಬರಬೇಕಲ್ಲ? ಸುಮಾರು 300 ಕಾರುಗಳನ್ನು ಹೊಂದಿಸಿದರು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಜಾಗ ಗುರುತು ಮಾಡಿದರು. ಪೆಟ್ರೋಲಿಗೆ ಚರ್ಚುಗಳಲ್ಲಿ ಚಂದಾ ಎತ್ತಿದರು. ಕಾರು ಸಿಗದವರು ನಡೆದರು. ವಾರವಾರ ಚರ್ಚಿನಲ್ಲಿ ಸೇರಿ ಹಾಡಿದರು, ಸುದ್ದಿ ಹಂಚಿಕೊಂಡರು, ಮುಂದಿನ ವಾರದ ಕೆಲಸ ಹಂಚಿಕೊಂಡರು. ಸಿಟ್ಟು ಆರದ ಹಾಗೆ, ಉಕ್ಕದ ಹಾಗೆ ನೋಡಿಕೊಂಡದ್ದು ಈ ದಿನನಿತ್ಯದ ದುಡಿಮೆ.

ಉಕ್ಕುವ ಗಳಿಗೆಯೂ ಬಂತು. 1956ರ ಜನವರಿ 30ರ ರಾತ್ರಿ ಕಿಂಗ್ ಅವರ ಮನೆಗೆ ಬಾಂಬ್ ಬಿತ್ತು. ಒಳಗೆ ಹೆಂಡತಿ ಮತ್ತು ಹಸುಗೂಸು ಇದ್ದರು. ಯಾರಿಗೂ ಗಾಯವಾಗಲಿಲ್ಲ. ಸಭೆಯಲ್ಲಿದ್ದ ಕಿಂಗ್ ಓಡಿ ಬರುವಷ್ಟರಲ್ಲಿ ಮನೆ ಮುಂದೆ ದೊಡ್ಡ ಗುಂಪು ಸೇರಿತ್ತು, ಕೆಲವರ ಕೈಯಲ್ಲಿ ಆಯುಧವೂ ಇತ್ತು. ಒಂದು ಮಾತು ಹೆಚ್ಚು ಕಡಿಮೆಯಾದರೆ ಅಲ್ಲೇ ರಕ್ತ ಹರಿಯುತ್ತಿತ್ತು. ಅವರು ಮುರಿದ ಜಗಲಿಯ ಮೇಲೆ ನಿಂತು ಆಯುಧ ಇದ್ದವರು ಮನೆಗೆ ಒಯ್ಯಿರಿ, ಹಿಂಸೆಗೆ ಹಿಂಸೆ ಉತ್ತರವಲ್ಲ ಎಂದರು. ಗುಂಪು ಕರಗಿತು. ಆ ಜನಕ್ಕೆ ಸಿಟ್ಟು ಕಮ್ಮಿ ಇತ್ತು ಅಂತಲ್ಲ. ಅವರ ಸಿಟ್ಟಿಗೆ ಮರುದಿನ ಬೆಳಿಗ್ಗೆ ಮಾಡುವ ಕೆಲಸ ಇತ್ತು. ನಾಳೆಗೆ ಕೆಲಸ ಇರುವ ಸಿಟ್ಟು ಇವತ್ತಿಗೆ ಕಾಯಬಲ್ಲದು. ಆ ವರ್ಷದ ಕೊನೆಗೆ ಸುಪ್ರೀಂ ಕೋರ್ಟ್ ಆದೇಶ ಊರಿಗೆ ತಲುಪಿತು. ಡಿಸೆಂಬರ್ 21ರಂದು ಜನ ಮತ್ತೆ ಬಸ್ಸು ಹತ್ತಿ ತಮಗೆ ಬೇಕಾದ ಸೀಟಿನಲ್ಲಿ ಕೂತರು.

ಎಲ್ಲ ಸಿಟ್ಟಿಗೂ ಬೀದಿಯೇ ಬೇಕಿಲ್ಲ, ಕಾಗದವೂ ಆಗುತ್ತದೆ. ರಾಜಸ್ಥಾನದಲ್ಲಿ 1990ರಲ್ಲಿ ಹುಟ್ಟಿದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯ ಕಥೆ ಹೀಗೆ. ಬರ ಪರಿಹಾರದ ಕಾಮಗಾರಿಯಲ್ಲಿ ಮಣ್ಣು ಹೊತ್ತವರಿಗೆ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಕೇಳಿದರೆ, ‘ನೀವು ಅಷ್ಟು ಕೆಲಸ ಮಾಡಿಲ್ಲ, ದಾಖಲೆಯಲ್ಲಿ ಹಾಗಿದೆ’ ಅನ್ನುವ ಉತ್ತರ. ದಾಖಲೆ ತೋರಿಸಿ ಅಂದರೆ ಅದು ಸರ್ಕಾರಿ ಗುಟ್ಟು. ಕೂಲಿಯವರ ಸಿಟ್ಟು ಆಗ ಒಂದು ಚಿಕ್ಕ ಜಾಗಕ್ಕೆ ಬಂದು ನಿಂತಿತು: ಆ ಮಸ್ಟರ್ ರೋಲ್, ಆ ಹಾಜರಿ ಪಟ್ಟಿ ನಮಗೆ ಬೇಕು. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಮೊದಲ ಜನಸುನವಾಯಿ, ಅಂದರೆ ಊರವರೆಲ್ಲ ಸೇರಿ ಕೇಳುವ ಬಹಿರಂಗ ವಿಚಾರಣೆ, ನಡೆಯಿತು. ಹಾಗೂ ಹೀಗೂ ಸಿಕ್ಕ ದಾಖಲೆಗಳನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿದರು. ಕೆಲಸಕ್ಕೇ ಬಾರದವರ ಹೆಸರಿನಲ್ಲೂ ಕೂಲಿ ಬರೆದಿತ್ತು. ಕೇಳುತ್ತಾ ಕೂತವರಿಗೆ ತಮ್ಮ ದುಡ್ಡು ಎಲ್ಲಿ ಹೋಯಿತು ಎಂದು ಅಲ್ಲೇ ಗೊತ್ತಾಯಿತು. 1996ರಲ್ಲಿ ಬ್ಯಾವರ್ ಊರಿನಲ್ಲಿ 40 ದಿನ ಧರಣಿ ಕೂತರು. ‘ನಮ್ಮ ದುಡ್ಡು, ನಮ್ಮ ಲೆಕ್ಕ’ ಅನ್ನುವುದು ಅವರ ಕೂಗು. 2005ರಲ್ಲಿ ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾಯ್ದೆ ಬಂತು. ಕಳ್ಳರು ಎಂದು ಕೂಗುವುದಕ್ಕೂ ಲೆಕ್ಕದ ಪುಸ್ತಕ ತೆಗೆಯಿರಿ ಎನ್ನುವುದಕ್ಕೂ ಇರುವ ಅಂತರ ಇದು. ಮೊದಲನೆಯದಕ್ಕೆ ಮಾನನಷ್ಟದ ನೋಟಿಸು ಬರುತ್ತದೆ. ಎರಡನೆಯದಕ್ಕೆ ಬೆವರು ಬರುತ್ತದೆ.

ಹಾಗಾದರೆ ವಿಳಾಸ ಸಿಕ್ಕರೆ ಗೆದ್ದ ಹಾಗೆಯೇ? ಇಲ್ಲ. ಚಿಲಿಯ ಕಥೆ ಪೂರ್ತಿ ಹೇಳಬೇಕು. ಅಲ್ಲಿನ ಸಿಟ್ಟು ಕೊನೆಗೆ ಒಂದು ಖಚಿತವಾದ ಜಾಗಕ್ಕೆ ಬಂತು. ಸೇನಾಡಳಿತದ ಕಾಲದ 1980ರ ಸಂವಿಧಾನ ಬದಲಾಗಬೇಕು. 2020ರ ಅಕ್ಟೋಬರ್‌ನಲ್ಲಿ 78 ಶೇಕಡ ಮತದಾರರು ಹೊಸದು ಬೇಕು ಎಂದರು. ಜನ ಆರಿಸಿದ ಸಭೆಯೊಂದು ಕೂತು ಹೊಸ ಕರಡು ಬರೆಯಿತು. 2022ರ ಸೆಪ್ಟೆಂಬರ್ 4ರಂದು ಸುಮಾರು 62 ಶೇಕಡ ಜನ ಅದನ್ನು ತಿರಸ್ಕರಿಸಿದರು. ಮತ್ತೆ ಬೇರೆಯವರು ಬೇರೆ ಕರಡು ಬರೆದರು. 2023ರ ಡಿಸೆಂಬರ್‌ನಲ್ಲಿ ಅದೂ ಬಿತ್ತು. ಹಳೆಯ ಸಂವಿಧಾನವೇ ಉಳಿಯಿತು. ಬೇಡ ಎನ್ನುವುದಕ್ಕೆ ಹತ್ತು ಲಕ್ಷ ಜನ ಒಂದೇ ಬೀದಿಯಲ್ಲಿ ನಿಲ್ಲಬಹುದು, ಯಾಕೆಂದರೆ ಒಬ್ಬೊಬ್ಬರೂ ತಮ್ಮ ಮನಸ್ಸಿನಲ್ಲಿರುವುದನ್ನು ಆ ‘ಬೇಡ’ದೊಳಗೆ ತುಂಬಿಕೊಳ್ಳುತ್ತಾರೆ. ಬೇಕು ಎಂದು ಬರೆಯಲು ಕೂತಾಗ ಪ್ರತಿ ಸಾಲಿಗೂ ಯಾರೋ ಒಬ್ಬರು ಎದ್ದು ಹೋಗುತ್ತಾರೆ. ಹೋರಾಟಗಾರರಲ್ಲಿ ಬಹಳ ಜನ ಈ ಎರಡನೆಯ ಹಂತಕ್ಕೆ ತಯಾರಾಗಿರುವುದಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ದಣಿದಿರುತ್ತಾರೆ ಕೂಡ.

ಈ ಹಂತಕ್ಕೇ ಬೇರೆ ಥರದ ಏರ್ಪಾಡು ಬೇಕು. ಐರ್ಲೆಂಡಿನಲ್ಲಿ ಗರ್ಭಪಾತದ ಪ್ರಶ್ನೆ ದಶಕಗಳ ಕಾಲ ಮನೆಗಳನ್ನೇ ಒಡೆದಿತ್ತು. 2016ರಲ್ಲಿ ಚೀಟಿ ಎತ್ತಿದ ಹಾಗೆ 99 ಸಾಮಾನ್ಯ ಜನರನ್ನು ಆರಿಸಿ, ಒಬ್ಬ ನ್ಯಾಯಾಧೀಶೆಯ ಅಧ್ಯಕ್ಷತೆಯಲ್ಲಿ ವಾರಾಂತ್ಯಗಳಲ್ಲಿ ಕೂರಿಸಿದರು. ವೈದ್ಯರು, ವಕೀಲರು, ಎರಡೂ ಕಡೆಯ ಸಂಘಟನೆಗಳು ಬಂದು ಮಾತಾಡಿದವು. ಜನ ಕೇಳಿದರು, ಪ್ರಶ್ನಿಸಿದರು, ಸಲಹೆ ಬರೆದರು. 2018ರ ಮೇ ತಿಂಗಳ ಜನಮತದಲ್ಲಿ 66 ಶೇಕಡ ಮತದಾರರು ಸಂವಿಧಾನದಲ್ಲಿದ್ದ ಗರ್ಭಪಾತದ ನಿಷೇಧ ತೆಗೆಯಲು ಒಪ್ಪಿದರು. ಎಲ್ಲರ ಸಿಟ್ಟೂ ತಣಿಯಿತು ಎಂದಲ್ಲ. ಆದರೆ ಪರಸ್ಪರ ಕೂಗಾಡುತ್ತಿದ್ದವರು ಒಂದೇ ಮೇಜಿನ ಸುತ್ತ ಕೂತು ಒಂದೇ ಕಾಗದ ಓದಿದರು.

ನಿಮ್ಮ ಎದೆಯಲ್ಲಿ ಈಗ ಯಾವುದಾದರೂ ಸಿಟ್ಟು ಕುದಿಯುತ್ತಿದ್ದರೆ ಅದನ್ನು ಕಾಗದದ ಮೇಲೆ ಇಳಿಸಿ ನೋಡಿ. ಇದನ್ನು ಸರಿಮಾಡುವ ಸಹಿ ಯಾರದ್ದು? ಅವರು ಏನು ಮಾಡಬೇಕು ಎಂದು ಒಂದೇ ವಾಕ್ಯದಲ್ಲಿ ಹೇಳಬಲ್ಲಿರಾ? ಯಾವ ದಿನದೊಳಗೆ? ಮಾಡದಿದ್ದರೆ ನಾವು ಕೊಡುತ್ತಿರುವ ಯಾವುದನ್ನು ನಿಲ್ಲಿಸಬಹುದು, ಹಣವೋ ದುಡಿಮೆಯೋ ಮತವೋ ಹಾಜರಿಯೋ? ಇದೇ ಸಿಟ್ಟು ಇರುವ ಇನ್ನು ನಾಲ್ಕು ಜನ ಯಾರು? ಮೊದಲ ಸಲ ಬರೆದಾಗ ಉತ್ತರ ಸಿಗದಿರಬಹುದು. ಆಗ ಹುಡುಕುವುದೇ ಮೊದಲ ಕೆಲಸ. ರಾಬಿನ್ಸನ್ ಅವರಿಗೂ ವರ್ಷಗಳೇ ಹಿಡಿದವು.

ಆದರೆ ಎಲ್ಲ ಭಾರವನ್ನೂ ಸಿಟ್ಟಾದವರ ಹೆಗಲ ಮೇಲೆ ಹೊರಿಸುವುದು ನ್ಯಾಯವಲ್ಲ. ಕೇಳಿಸಿಕೊಳ್ಳಬೇಕಾದವರ ಕಡೆಯೂ ಕೆಲಸ ಇದೆ. 2018ರ ನವೆಂಬರ್ 17ರಂದು ಫ್ರಾನ್ಸಿನಲ್ಲಿ ಇಂಧನ ತೆರಿಗೆ ಏರಿಕೆಯ ವಿರುದ್ಧ ಜನ ರಸ್ತೆ ವೃತ್ತಗಳಲ್ಲಿ ನಿಂತರು. ಅಲ್ಲಿ ಪ್ರತಿ ಕಾರಿನಲ್ಲೂ ಒಂದು ಹಳದಿ ಜಾಕೆಟ್ ಇರಲೇಬೇಕು ಎಂಬ ನಿಯಮ ಇದೆ, ಗಾಡಿ ಕೆಟ್ಟು ನಿಂತಾಗ ಬೇರೆಯವರಿಗೆ ಕಾಣಲಿ ಎಂದು. ಜನ ಅದನ್ನೇ ಹಾಕಿಕೊಂಡು ಬಂದರು. ಕೆಲವು ವಾರಗಳಲ್ಲಿ ಸರ್ಕಾರ ತೆರಿಗೆ ಏರಿಕೆ ಬಿಟ್ಟಿತು. ಅದೇ ಚಳಿಗಾಲದಲ್ಲಿ ಊರೂರಿನ ಪುರಸಭೆಗಳಲ್ಲಿ ಅಹವಾಲು ಪುಸ್ತಕ ತೆರೆದಿಟ್ಟರು. 1789ರ ಕ್ರಾಂತಿಯ ಮುಂಚೆ ರಾಜನಿಗೆ ಬರೆದ ಅಹವಾಲು ಪುಸ್ತಕಗಳ ಹೆಸರನ್ನೇ ಅವುಗಳಿಗೂ ಇಟ್ಟರು. ಬೀದಿಗೆ ಬಾರದ ವಯಸ್ಸಾದವರು, ಹಳ್ಳಿಯವರು ಬಂದು ಪುಟಗಟ್ಟಲೆ ಬರೆದರು. ಪಿಂಚಣಿ ಸಾಲುತ್ತಿಲ್ಲ, ತೆರಿಗೆಯಲ್ಲಿ ನ್ಯಾಯವಿಲ್ಲ, ಸರ್ಕಾರಿ ಸೇವೆಗಳು ಊರಿನಿಂದ ದೂರವಾಗುತ್ತಿವೆ. ಬಹಳಷ್ಟು ಕೈಬರಹ. ಬರೆದದ್ದನ್ನು ಎಲ್ಲರೂ ಓದುವ ಹಾಗೆ ಮಾಡುತ್ತೇವೆ ಎಂದು ಸರ್ಕಾರ ಮಾತು ಕೊಟ್ಟಿತು. ಆ ಸಾವಿರಾರು ಪುಸ್ತಕಗಳು ಜಿಲ್ಲೆಗಳ ದಾಖಲೆ ಕೋಣೆಗೆ ಹೋದವು, ಅಲ್ಲೇ ಉಳಿದವು. ಅವನ್ನು ಎಲ್ಲರಿಗೂ ಸಿಗುವಂತೆ ಮಾಡಿ ಎಂದು ಫ್ರಾನ್ಸಿನ ಸಂಸತ್ತು ನಿರ್ಣಯ ಮಾಡಿದ್ದು 2025ರ ಮಾರ್ಚ್‌ನಲ್ಲಿ, ಬರೆದವರು ಪೆನ್ನು ಕೆಳಗಿಟ್ಟು ಆರು ವರ್ಷವಾದ ಮೇಲೆ.